ಬುಟ್ಟಿ ಬರೆಯುವವಳ ಬಿನ್ನಹ

ತಾಯಿ, ಭೂಮಣ್ಣಿ, ನಿನ್ನ ಬುಟ್ಟಿ ಬರೆಯುವವಳು ನಾನು. ಸೊರಬ ದಾಟಿ ಶಿಕಾರಿಪುರದ ಕಡೆ ತಿರುಗಿದರೆ ಸಿಗುವ ಊರುಗಳಲ್ಲಿ ಒಂದರವಳು. ಶೀಗಿ ಹುಣ್ಣಿಮೆಯ ಬೆಳಗಿನ ಜಾವ ಈ ಸೀಮೆಯ ಗದ್ದೆಗಳಿಗೆಲ್ಲ, ಬಸುರಿಯಾದ ನಿನಗೆ ಬಯಕೆಯೂಟ ತುಂಬಿದ ಚಿತ್ತಾರದ ಬುಟ್ಟಿಗಳು ಬರುತ್ತವೆ. ಗಂಡಸರು ಕಂಬಳಿ ಹೊದ್ದು, ತಲೆಯ ಮೇಲೆ ಹೊತ್ತು ತರುತ್ತಾರೆ. ಅವುಗಳಲ್ಲಿ ಒಂದು ನನ್ನದು. ಯಾವುದೆಂದು ಹೇಳುವುದಿಲ್ಲ. ನಮ್ಮ ದೀವರ ಹೆಂಗಸರಲ್ಲಿ ಬುಟ್ಟಿಯ ಮೇಲೆ ಹೆಸರು ಬರೆಯುವ ರೂಢಿಯಿಲ್ಲ. ನಿನಗೆ ಬೇಕಾಗಿಯೂ ಇಲ್ಲ.

ಮೊದಲು ನನ್ನ ಸಾಲ ಒಪ್ಪಿಸುತ್ತೇನೆ. ಕೆಂಪು ನಿನ್ನ ಗುಡ್ಡದ ಕೆಮ್ಮಣ್ಣು. ಬಿಳುಪು ನಿನ್ನ ಅಕ್ಕಿ. ಕಪ್ಪೂ ಅದೇ ಅಕ್ಕಿ, ಕರಿಕಾಗುವಂತೆ ಹುರಿದು ಅರೆದದ್ದು. ಹಳದಿಗೆ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು. ಬುಟ್ಟಿಗೆ ಬಿದಿರು, ಬಿದಿರಿನ ಸಂದು ಮುಚ್ಚಲು ಸಗಣಿ. ನಿನ್ನಿಂದ ತೆಗೆದು ನಿನಗೇ ಬಡಿಸುವ ಈ ಕೆಲಸದಲ್ಲಿ ನನ್ನದು ಎಂದು ಹೇಳಬಹುದಾದದ್ದು ಕೈಯ ನಡುಕವೊಂದೇ. ಅದನ್ನೂ ಈ ವಯಸ್ಸಿಗೆ ನೀನೇ ಕೊಟ್ಟಿರಬೇಕು. ಇರಲಿ. ಕೊಟ್ಟದ್ದಕ್ಕೆಲ್ಲ ಶರಣು.

ಅಕ್ಕಿಯ ಬಿಳುಪಿನ ಗುಣ ನಿನಗೆ ಗೊತ್ತು. ನೆನೆಹಾಕಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿದ ಹಿಟ್ಟು ಹಸಿಯಿದ್ದಾಗ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಕೆಮ್ಮಣ್ಣಿನ ಮೇಲೆ ತೇವದ ಗೆರೆ ಮಾತ್ರ. ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಅಷ್ಟರಲ್ಲಿ ಪಕ್ಕದ ಎಳೆ ಎಳೆದಾಗಿರುತ್ತದೆ, ಅದರ ಪಕ್ಕದ್ದೂ. ಮೊದಲನೆಯದನ್ನು ನಂಬಿ ಎರಡನೆಯದು, ಎರಡನೆಯದನ್ನು ನಂಬಿ ಮೂರನೆಯದು. ನನ್ನ ಅಜ್ಜಿ ಹಿಂದೆ ಕೂತು ಹೇಳುತ್ತಿದ್ದಳು: "ಕಣ್ಣಿಗೆ ಕಾಣೋದ್ನ ಕಾಯ್ಬೇಡ ಮಗಾ, ಕೈಗೆ ಗೊತ್ತದೆ." ಆ ಕೈಯನ್ನು ಅವಳಿಗೆ ಯಾರು ಕೊಟ್ಟರು? ಅವಳ ಅಜ್ಜಿ. ಅದಕ್ಕೂ ಹಿಂದೆ? ಅಲ್ಲಿಂದಾಚೆಯ ಲೆಕ್ಕ ನಿನ್ನ ಹತ್ತಿರವೇ ಇದೆ.

ಹೀಗೆ ಒಂದೆಳೆ, ಎರಡೆಳೆ, ಅದಕ್ಕೂ ಹೆಚ್ಚು ಎಳೆ. ಎಳೆಗಳ ನಡುವೆ ಜೋಗಿ ಜಡೆ, ನಿಲಿ, ಗೊಂಬೆ ಸಾಲು. ಭತ್ತದ ಸಸಿ ಇರಲೇಬೇಕು, ಏಣಿಯೂ. ಮಹಾನವಮಿ ಮುಗಿದ ಮೇಲೆ ಹಿಡಿದ ಕೆಲಸ ಹುಣ್ಣಿಮೆಯೊಳಗೆ ಮುಗಿಯಬೇಕು. ಇಂಥದೇ ಸೂಕ್ಷ್ಮ ಕೆಲಸ ಮಾಡಿದ ಅರಮನೆಯ ಚಿತ್ರಗಾರರ ವಿಷಯ ಕೇಳಿದ್ದೇನೆ. ಮೈಸೂರಿನಲ್ಲಿ, ಸುರಪುರದಲ್ಲಿ ಅಂಗೈಯಗಲದ ಕಾಗದದೊಳಗೆ ದೇವರನ್ನೂ ದರ್ಬಾರನ್ನೂ ಕೂರಿಸಿದವರು. ಅವರ ಕುಂಚ ಅಳಿಲಿನ ಕೂದಲಿನದು. ಅವರ ಬಣ್ಣದ ಜೊತೆ ಚಿನ್ನದ ರೇಕು. ಅವರ ಹಿಂದೆ ರಾಜರಿದ್ದರು. ನಮ್ಮ ಹಿಂದೆ ಇದ್ದದ್ದು ಒಲೆ, ಮುಂದೆ ಇದ್ದದ್ದು ಬುಟ್ಟಿ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ ತಾಯಿ. ಸೂಕ್ಷ್ಮ ಎಂಬುದು ಅವರಿಗೂ ಒಲಿಯಿತು, ನಮಗೂ ಒಲಿಯಿತು. ನೀನು ತಾರತಮ್ಯ ಮಾಡಲಿಲ್ಲ.

ಚಿತ್ತಾರಗಿತ್ತಿ ಎಂದು ಜನ ಕರೆಯುವ ಹೊತ್ತಿಗೆ ನಾನು ಎರಡು ಮಕ್ಕಳ ತಾಯಿ. ಮದುವೆ ಮನೆಯವರು ವೀಳ್ಯ ಕೊಟ್ಟು ಕರೆಯುತ್ತಿದ್ದರು. ಗೋಡೆಗೆ ಕೆಮ್ಮಣ್ಣು ಬಳಿದು, ನೂಲು ಹಿಡಿದು ಅಂಚು ಕಟ್ಟಿ, ಹಸೆಗೋಡೆ ಬರೆಯುತ್ತಿದ್ದೆ. ಒಳಗೆ ದಂಡಿಗೆ, ಬಾಸಿಂಗ, ಮೇಲೆ ಕಳಸ. ಅದರ ಕೆಳಗೆ ಮದುಮಕ್ಕಳು ಕೂರುತ್ತಿದ್ದರು. ಹೆಂಗಸರು ಹಾಡು ಹೇಳುತ್ತಿದ್ದರು. ಕೊನೆಗೆ ಒಂದು ಕುಪ್ಪಸದ ಕಣ, ತೆಂಗಿನಕಾಯಿ, ಎಲೆ ಅಡಿಕೆ. ನನ್ನ ಉದ್ಯೋಗದ ಮೊದಲ ಸಂಬಳ ಅದು. ಆ ಕಣ ಹೊಲಿಸಿ ತೊಟ್ಟಿದ್ದೇನೆ. ಇವತ್ತಿಗೂ ಅದಕ್ಕೆ ಕಡಿಮೆ ಬೆಲೆ ಕಟ್ಟಲಾರೆ.

ಒಂದು ಮಾತು ಕೇಳಲೇ? ನಿನ್ನನ್ನು ಬಸುರಿಯೆಂದು ನೋಡಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಬೆರಕೆ ಸೊಪ್ಪು ಬೇಯಿಸಿ, ಕಡುಬು ಕಟ್ಟಿ, ಬಯಕೆ ಉಣ್ಣಿಸಿದ ಹೆಂಗಸರಿಗೆ ನೀನು ಸ್ವಂತದವಳಾಗಿರಲಿಲ್ಲ. ಗದ್ದೆ ಗೇಣಿಯದು. ಹೆರುವವಳು ನೀನು, ಬಾಣಂತನ ಮಾಡುವವರು ನಾವು, ಕೂಸು ಒಡೆಯರ ಕಣಜಕ್ಕೆ. ಅಳೆಯುವ ಕೊಳಗದಲ್ಲಿಯೇ ಮೋಸವೆಂದು 1951ರಲ್ಲಿ ಸಾಗರದ ಕಾಗೋಡಿನಲ್ಲಿ ನಮ್ಮವರು ಎದ್ದು ನಿಂತರು. ಗಣಪತಿಯಪ್ಪನವರು ಮುಂದಿದ್ದರು. ಸಮಾಜವಾದಿ ನಾಯಕ ಲೋಹಿಯಾ ಬಂದರು, ಅವರ ಬಂಧನವಾಯಿತು. ಉಳುವವನಿಗೆ ನೆಲ ಎಂಬ ಕಾಯಿದೆ ಗಟ್ಟಿಯಾಗಲು ದೇವರಾಜ ಅರಸರ ಕಾಲ, 1974, ಬರಬೇಕಾಯಿತು. ಆದರೆ ಕೊಳಗದ ಜಗಳದ ವರ್ಷವೂ ಅಜ್ಜಿ ಬುಟ್ಟಿ ಬರೆದಿದ್ದಳು. ಯಾರ ಕಣಜಕ್ಕೆ ಹೋದರೂ ನಿನ್ನ ಬಸಿರು ಬಸಿರೇ ಎಂದು ತಿಳಿದಿದ್ದಳು. ಅಂಥ ಮನಸ್ಸು ನನಗಿಲ್ಲ. ನಾನಾಗಿದ್ದರೆ ಕುಂಚ ಎಸೆಯುತ್ತಿದ್ದೆನೇನೋ. ಅವಳ ಪಾಲಿನ ಪುಣ್ಯದಲ್ಲಿ ನನಗೂ ಒಂದು ಚಿಟಿಕೆ ಇರಲಿ.

ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗಲೂ ಹಾಗೇ. 1964ಕ್ಕೆ ಅಣೆಕಟ್ಟು ಮುಗಿಯಿತು, ಊರುಗಳು ಮುಳುಗಿದವು. ಜನ ಗಂಟುಮೂಟೆ ಹೊತ್ತು ಹೊಸ ಜಾಗ ಹುಡುಕಿಕೊಂಡರು. ಗೋಡೆಗಳನ್ನು ಹೊತ್ತು ತರಲಾಗುತ್ತದೆಯೇ? ಅವು ನೀರಿನ ಕೆಳಗೆ ಉಳಿದವು. ಹೊಸ ಗುಡಿಸಲಿಗೆ ಹೊಸ ಮಣ್ಣು ಬಳಿದು ಹೆಂಗಸರು ಮತ್ತೆ ಬರೆದರು. ಬರೆದದ್ದು ಹೋಗಿತ್ತು, ಬರೆಯುವುದು ಹೋಗಿರಲಿಲ್ಲ.

ಇಲ್ಲಿಗೆ ನನ್ನ ನಿಜವಾದ ಬೇಡಿಕೆ ಬರುತ್ತದೆ. ಸ್ವಲ್ಪ ತಾಳ್ಮೆಯಿಂದ ಕೇಳು.

ನಮ್ಮ ಚಿತ್ತಾರ ಅಳಿಯುವುದಕ್ಕೇ ಹುಟ್ಟಿದ್ದು. ಹಸೆಗೋಡೆಯನ್ನು ಮುಂದಿನ ಹಬ್ಬಕ್ಕೆ ಸಾರಿಸಿಬಿಡುತ್ತಿದ್ದರು. ಬುಟ್ಟಿಗೆ ಮತ್ತೆ ಕೆಮ್ಮಣ್ಣು ಬಳಿದರೆ ಹೋದ ವರ್ಷದ ಎಳೆಗಳು ಅಡಿಗೆ ಹೋಗಿಬಿಡುತ್ತವೆ. ಚಿಕ್ಕವಳಿದ್ದಾಗ ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಈಗ ಕಾಣುತ್ತಿದೆ: ಅಳಿದದ್ದರಿಂದಲೇ ಪ್ರತಿ ವರ್ಷ ಯಾರೋ ಬರೆಯಲೇಬೇಕಿತ್ತು. ದೊಡ್ಡವರು ಬರೆಯುವಾಗ ಚಿಕ್ಕವರು ಹಿಟ್ಟು ಅರೆಯುತ್ತಿದ್ದರು, ನಾರು ಜಜ್ಜುತ್ತಿದ್ದರು, ಮೂಲೆಯಲ್ಲಿ ಒಂದು ಹೂ ಹಾಕಿ ಬೈಸಿಕೊಳ್ಳುತ್ತಿದ್ದರು. ಹಾಗೆ ಕಲಿತೆವು. ಶಾಲೆಯಿರಲಿಲ್ಲ, ಅಳಿಸುವ ಸಗಣಿ ನೀರೇ ನಮ್ಮ ಮೇಷ್ಟ್ರು.

ಆಮೇಲೆ ಕಾಗದ ಬಂತು. ಬಟ್ಟೆ ಬಂತು, ಗಾಜಿನ ಕಟ್ಟು ಬಂತು. ಇದು ನಮ್ಮೊಬ್ಬರ ಕಥೆಯಲ್ಲ. ಬಿಹಾರದ ಮಧುಬನಿಯ ಹೆಂಗಸರೂ ಗೋಡೆ ಬರೆಯುತ್ತಿದ್ದವರೇ. 1966-67ರ ಬರಗಾಲದಲ್ಲಿ ಕೂಳಿಗೆ ದಾರಿಯಾಗಲೆಂದು ಸರ್ಕಾರದ ಕರಕುಶಲ ಮಂಡಳಿಯವರು ಅವರ ಕೈಗೆ ಕಾಗದ ಕೊಟ್ಟರು. ಇವತ್ತು ಅವರ ಹೆಸರು ದೇಶ ದೇಶಗಳಲ್ಲಿದೆ. ನನಗೂ ಕಾಗದ ಅನ್ನ ಹಾಕಿದೆ, ಸುಳ್ಳು ಹೇಳುವುದಿಲ್ಲ. ಬೆಂಗಳೂರಿನ ಚಿತ್ರಸಂತೆಯಲ್ಲಿ ರಸ್ತೆಯ ಬದಿ ಹಾಸಿ ಕೂತಿದ್ದೇನೆ. ಕೊಂಡವರು ಕೆಳಗೆ ಹೆಸರು ಬರೆಯಿರಿ ಎಂದರು. ನಾಚುತ್ತಲೇ ಬರೆದೆ. ಬಳ್ಳಿಗಾವಿಯ ದಾಸೋಜ ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದಾನಂತೆ. ಶಿಕಾರಿಪುರದ ಪಕ್ಕದವನೇ ಅವನು. ಅವನು ಕೆತ್ತಿದ್ದು ತಪ್ಪಲ್ಲವಾದರೆ ನನ್ನದೂ ಅಲ್ಲವಷ್ಟೆ? ಮಕ್ಕಳ ಓದು ಅದರಿಂದ ನಡೆದಿದೆ. ಆ ಹಣ ಕೊಟ್ಟ ಕೈಗಳನ್ನು ನೀನು ತಣ್ಣಗಿಡು.

ಆದರೆ ಬೆಂಗಳೂರಿನ ಮಗಳ ಮನೆಯಲ್ಲಿ ನಾನು ಬರೆದ ತೇರಿನ ಚಿತ್ತಾರ ಗಾಜಿನೊಳಗಿದೆ. ಹಬ್ಬಕ್ಕೆ ಒಂದು ಚಿತ್ತಾರ ಬರಿಯೇ ಎಂದೆ. "ಅಲ್ಲಿ ಇದ್ಯಲ್ಲಮ್ಮ, ಮತ್ತೆ ಯಾಕೆ?" ಎಂದಳು. ಏನು ಹೇಳಲಿ? ಅವಳ ಮಾತಿನಲ್ಲಿ ತಪ್ಪಿಲ್ಲ. ಉಳಿದ ಚಿತ್ತಾರ ಕೈಯನ್ನು ಕರೆಯುವುದಿಲ್ಲ. ಸಿಮೆಂಟಿನ ಗೋಡೆಗೆ ಕೆಮ್ಮಣ್ಣು ಹಿಡಿಯುವುದಿಲ್ಲ. ಮದುವೆ ಛತ್ರಕ್ಕೆ ಹೋಗಿದೆ. ಹಸೆಯನ್ನು ಬ್ಯಾನರಿನಲ್ಲಿ ಅಚ್ಚು ಹಾಕಿಸಿ ತರುತ್ತಾರೆ, ನೋಡಿದರೆ ಸೊಗಸಾಗಿಯೇ ಇದೆ. ಅದರ ಎಳೆ ನಡುಗುವುದಿಲ್ಲ. ಅದಕ್ಕೆ ಅಜ್ಜಿಯೂ ಇಲ್ಲ, ಬೈಸಿಕೊಳ್ಳುವ ಮೊಮ್ಮಗಳೂ ಇಲ್ಲ.

ಹಾಗಾಗಿ ನನ್ನ ಚಿತ್ತಾರ ಚಿರವಾಗಲಿ ಎಂದು ಕೇಳಲಾರೆ. ಎಲ್ಲರೂ ಕೇಳುವುದು ಅದನ್ನೇ. ನಾನು ಕೇಳುವುದು ತಿರುಗುಮುರುಗು. ನನ್ನ ಬುಟ್ಟಿ ಬೇಗ ಮಾಸಲಿ. ಕಡುಬಿನ ತೇವ, ಸೊಪ್ಪಿನ ರಸ ಅದರ ಮೇಲೆ ಇಳಿಯಲಿ. ಇಬ್ಬನಿ ಕುಡಿಯಲಿ. ಮುಂದಿನ ನವಮಿಯ ಹೊತ್ತಿಗೆ ಅದನ್ನು ಕಂಡವರಿಗೆ ಅಯ್ಯೋ, ಮತ್ತೆ ಬರೆಯಬೇಕಲ್ಲ ಎನಿಸಲಿ. ಆ ಅಯ್ಯೋ ಎಂಬ ಸಂಕಟ ನಮ್ಮ ಮನೆಗಳಲ್ಲಿ ಉಳಿಸು.

ಇನ್ನೂ ಸಣ್ಣಪುಟ್ಟದ್ದಿದೆ. ಕೆಮ್ಮಣ್ಣು ತೆಗೆಯುವ ದರೆಯನ್ನು ಜೆಸಿಬಿಯವರ ಕಣ್ಣಿಗೆ ಬೀಳಿಸಬೇಡ. ಗುರಿಗೆ ಮರ ಕಾಡಿನಲ್ಲಿ ಈಗ ಹುಡುಕಿದರೂ ಸಿಗುವುದು ಕಷ್ಟ. ಒಂದೆರಡಾದರೂ ನಾವು ನಡೆದು ಹೋಗುವಷ್ಟು ಹತ್ತಿರ ಇಟ್ಟಿರು. ಬಿದಿರು ಸೀಳಿ ಬುಟ್ಟಿ ಹೆಣೆಯುವವರ ಬೆನ್ನು ನೋವು ಕಡಿಮೆ ಮಾಡು. ಅವರಿಲ್ಲದಿದ್ದರೆ ನಾನು ಪ್ಲಾಸ್ಟಿಕ್ ಬುಟ್ಟಿಗೆ ಬರೆಯಬೇಕಾದೀತು, ನಿನಗೂ ಚೆನ್ನಾಗಿ ಕಾಣದು. ಮಳೆಯನ್ನು ಹೊತ್ತಿಗೆ ಕಳಿಸು, ಹೊತ್ತಿಗೆ ಕರೆಸಿಕೋ. ಹೊಡೆ ತುಂಬಿದ ಹೊತ್ತಿನಲ್ಲಿ ಗಾಳಿ ಜೋರು ಬೇಡ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಹುಡುಗಿಯಿದ್ದಾಳೆ. ಶಾಲೆಯಿಂದ ಬಂದವಳು ಮೊಬೈಲು ಒಂದು ಕೈಯಲ್ಲಿ, ನಾರು ಇನ್ನೊಂದು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕೂರುತ್ತಾಳೆ. ಎಳೆ ಒಣಗುವವರೆಗೆ ಅವಳಿಗೆ ತಡೆಯುವುದಿಲ್ಲ. "ಅಜ್ಜಿ, ಕಾಣ್ತಾನೇ ಇಲ್ಲ" ಎನ್ನುತ್ತಾಳೆ. ಕಾಣುತ್ತದೆ, ಮುಂದಿನದ್ದು ಎಳೆ ಎನ್ನುತ್ತೇನೆ. ಗೊಣಗುತ್ತಲೇ ಎಳೆಯುತ್ತಾಳೆ. ದೊಡ್ಡ ಬುಟ್ಟಿಯ ಜೊತೆ ಹೋಗುವ ಸಣ್ಣ ಅಚ್ಚಂಬಲಿ ಬುಟ್ಟಿಯನ್ನು ಈ ಸಲ ಅವಳಿಗೇ ಬಿಟ್ಟಿದ್ದೇನೆ. ಏಣಿ ಸೊಟ್ಟಗಾಗಿದೆ. ಗೊಂಬೆ ಸಾಲಿನಲ್ಲಿ ಒಂದು ಗೊಂಬೆಗೆ ಕೈ ಹಾಕುವುದನ್ನೇ ಮರೆತಿದ್ದಾಳೆ. ನಾನು ತಿದ್ದಲಿಲ್ಲ. ಹಾಗೆಯೇ ಹೊತ್ತು ತರುತ್ತೇವೆ. ನೀನು ಬುಟ್ಟಿ ನೋಡುತ್ತಾ ನಿಲ್ಲಬೇಡ ತಾಯಿ, ಬಿಸಿಯಿರುವಾಗಲೇ ಉಣ್ಣು.