ಹದಿನಾರಾಣೆ ಲೆಕ್ಕ

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಮಾವಿನ ಕೊಯ್ಲು ಮುಗಿದಿದೆ. ತಾತನಿಗೆ 78 ವರ್ಷ, ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಮೊಮ್ಮಗಳು ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಬರೆಯುವವಳು. ತೋಪನ್ನು ಮೂವರು ಮಕ್ಕಳಿಗೂ ಸಮವಾಗಿ ಹಂಚಬೇಕೆಂದು ತಾತ ಪಹಣಿಗಳನ್ನು ತೆಗೆದಿಟ್ಟಿದ್ದಾರೆ. ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್.

ಮೊಮ್ಮಗಳು: ಎರಡು ಸರ್ವೆ ನಂಬರು, ತಾತ. 2.20, 1.30. ಕೂಡಿದರೆ 3.5. ಮೂರೂವರೆ ಎಕರೆ.

ತಾತ: ಮುಕ್ಕಾಲು ಎಕರೆ ಎಲ್ಲಿ ಹೋಯ್ತು?

ಮೊಮ್ಮಗಳು: ಯಾವ ಮುಕ್ಕಾಲು?

ತಾತ: 2.20 ಅಂದ್ರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಎಕರೆ, ಹಾಗಾಗಿ ಅದು ಎರಡೂವರೆ. ಇನ್ನೊಂದು ಒಂದೂಮುಕ್ಕಾಲು. ಒಟ್ಟು ನಾಲ್ಕೂಕಾಲು ಎಕರೆ, ನಾಲ್ಕು ಎಕರೆ ಹತ್ತು ಗುಂಟೆ. ಆ ಚುಕ್ಕಿ ನಿನ್ನ ದಶಮಾಂಶದ್ದಲ್ಲ ಕಣಮ್ಮ, ಎಕರೆಗೂ ಗುಂಟೆಗೂ ನಡುವಿನ ಬದು. ನಿನ್ನ ಯಂತ್ರ ಬದುವನ್ನು ಉತ್ತುಬಿಟ್ಟಿದೆ.

ಮೊಮ್ಮಗಳು: ತಪ್ಪು ನನ್ನದು. ಗುಂಟೆಯನ್ನು ಎಕರೆಯ ದಶಮಾಂಶಕ್ಕೆ ತಂದುಕೊಳ್ಳಬೇಕಿತ್ತು. ಒಂದು ಗುಂಟೆಗೆ 0.025. ಆದರೆ ಅಲ್ಲೂ ಒಂದು ತೊಡಕಿದೆ, ತೋರಿಸ್ತೀನಿ ಬನ್ನಿ. ಇಲ್ಲಿ 0.1ನ್ನು ಹತ್ತು ಸಲ ಕೂಡಿಸು ಅಂತ ಬರೆದೆ. ಎಷ್ಟು ಬರಬೇಕು?

ತಾತ: ಒಂದು.

ಮೊಮ್ಮಗಳು: ಪರದೆ ನೋಡಿ. 0.9999999999999999.

ತಾತ: ಒಂದು ರೂಪಾಯಿಗೆ ಹತ್ತು ಪೈಸೆಯ ಹತ್ತು ನಾಣ್ಯ ಕೊಟ್ಟರೆ ಕಮ್ಮಿ ಆಯ್ತು ಅನ್ನುತ್ತಾ ಇದು?

ಮೊಮ್ಮಗಳು: ಯಂತ್ರಕ್ಕೆ ಗೊತ್ತಿರೋದು ಅರೆ, ಅರೆಯ ಅರೆ, ಅದರ ಅರೆ, ಅಷ್ಟೇ. ಅದನ್ನು ಬಿಟ್ಟು ಬೇರೆ ಪಾಲು ಗೊತ್ತಿಲ್ಲ. 1985ರಲ್ಲಿ ಬಂದ ಐಇಇಇ 754 ಅನ್ನೋ ಮಾನದಂಡದ ಪ್ರಕಾರ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳು ಒಂದು ಸಂಖ್ಯೆಗೆ 64 ಬಿಟ್ ಜಾಗ ಕೊಡ್ತವೆ. ಅದರಲ್ಲಿ ಅಂಕಿಗೆ ಸಿಗೋದು 53 ಬಿಟ್. ಹತ್ತರಲ್ಲಿ ಒಂದು ಪಾಲು ಆ ಜಾಗದಲ್ಲಿ ಮುಗಿಯೋದಿಲ್ಲ, ತುದಿ ಕತ್ತರಿಸಿ ಇಡ್ತದೆ.

ತಾತ: ಅರೆ, ಕಾಲು, ಅರೆಕಾಲು, ವೀಸ! ಇದು ನಮ್ಮ ಆಣೆ ಲೆಕ್ಕ ಅಲ್ವಾ? ಇರು, ಬೆರಳಲ್ಲೇ ನೋಡ್ತೀನಿ. ರೂಪಾಯಿಗೆ ಹದಿನಾರಾಣೆ. ಅದರ ಹತ್ತನೇ ಒಂದು ಪಾಲು ಒಂದಾಣೆಗಿಂತ ಜಾಸ್ತಿ, ಎರಡಾಣೆಗಿಂತ ಕಮ್ಮಿ. ಒಂದೂವರೆ ಆಣೆ ಕೊಟ್ಟೆ. ಹತ್ತು ಜನಕ್ಕೆ ಒಂದೂವರೆಯಂತೆ ಹದಿನೈದಾಣೆ ಹೋಯ್ತು. ಉಳಿದದ್ದು ಒಂದಾಣೆ, ಅದನ್ನು ಮತ್ತೆ ಹತ್ತು ಜನಕ್ಕೆ ಹಂಚಬೇಕು. ಅಂದ್ರೆ ರೂಪಾಯಿ ಹಂಚೋಕೆ ಕೂತವನು ಆಣೆ ಹಂಚೋಕೆ ಕೂತ. ಆಣೆಯನ್ನು ಹದಿನಾರು ಮಾಡಿದರೂ ಕೊನೆಗೆ ಮತ್ತೆ ಒಂದು ಚೂರು, ಮತ್ತೆ ಹತ್ತು ಜನ. ಇದು ಮುಗಿಯೋದೇ ಇಲ್ಲ!

ಮೊಮ್ಮಗಳು: ತಾತ, ನೀವು ಹೇಳಿದ್ದು ಯಂತ್ರದ ಒಳಗಿನದ್ದೇ. ಹದಿನಾರನೇ ಒಂದು, ಮೂವತ್ತೆರಡನೇ ಒಂದು, ಆಮೇಲೆ 256ನೇ ಒಂದು, 512ನೇ ಒಂದು, ಹಾಗೇ ಸಾಗ್ತದೆ. ಹಾಗಾದರೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಯಂತ್ರದಲ್ಲಿ ಕರಾರುವಾಕ್ಕು. ಹತ್ತು ಪೈಸೆ ಮಾತ್ರ ಅಂದಾಜು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತಾ? ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಒಂದು ಭಿನ್ನವನ್ನು ಅಂಶ ಒಂದೇ ಇರುವ ಹಲವು ಭಿನ್ನಗಳಾಗಿ ಒಡೆಯೋ ಸೂತ್ರ ಕೊಟ್ಟಿದ್ದಾರಂತೆ. ಒಂಬತ್ತನೇ ಶತಮಾನದಲ್ಲೇ…

ತಾತ: ಯಂತ್ರ ಬರ್ತದೆ ಅಂತ ಯಾರೂ ಆಣೆ ಮಾಡಲಿಲ್ಲ. ಬೆಲ್ಲದ ಅಚ್ಚನ್ನು ತಕ್ಕಡಿಯಲ್ಲಿ ಅರ್ಧ ಮಾಡೋದು ಸುಲಭ, ಹತ್ತು ಮಾಡೋದು ಕಷ್ಟ. ಕಾರಣ ಅಷ್ಟೇ. ಮಹಾವೀರಾಚಾರ್ಯರನ್ನು ಇನ್ನೊಂದು ದಿನ ಕೂತು ಓದೋಣ. ಈಗ ನನಗೆ ಬೇಕಾದ್ದು ಬೇರೆ. ಕತ್ತರಿಸಿದ ತುದಿ ಎಲ್ಲಿ ಹೋಗ್ತದೆ?

ಮೊಮ್ಮಗಳು: ಎಲ್ಲೂ ಇಲ್ಲ. ಕಾಣಿಸೋದೇ ಇಲ್ಲ.

ತಾತ: ಅದೇ ನನಗೆ ಒಪ್ಪಿಗೆ ಇಲ್ಲದ್ದು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ನನಗೆ ಹತ್ತು ವರ್ಷ. ಆಣೆಗೆ ಆರೂಕಾಲು ಪೈಸೆ ಆಗಬೇಕು, ಕೋಷ್ಟಕದಲ್ಲಿ ಆರು ಅಂತ ಹಾಕಿದ್ದರು. ಎರಡಾಣೆಗೆ ಹನ್ನೆರಡು, ಮೂರಕ್ಕೆ ಹತ್ತೊಂಬತ್ತು, ನಾಲ್ಕಕ್ಕೆ ಇಪ್ಪತ್ತೈದು. ನಾಲ್ಕಾಣೆ ಪಾವಲಿ ಒಂದೇ ಸಲ ಕೊಟ್ಟರೆ ಇಪ್ಪತ್ತೈದು ಪೈಸೆ. ಅದನ್ನೇ ಒಂದೊಂದಾಣೆಯಂತೆ ನಾಲ್ಕು ಸಲ ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು. ಒಂದು ಪೈಸೆ ಗಾಳಿಗೆ ಹೋಗಲಿಲ್ಲ ತಾಯಿ, ಯಾರದೋ ಜೇಬಿಂದ ಯಾರದೋ ಜೇಬಿಗೆ ಹೋಯ್ತು. ಉಳಿಕೆ ಅನ್ನೋದಕ್ಕೆ ಯಾವತ್ತೂ ಒಬ್ಬ ಯಜಮಾನ ಇರ್ತಾನೆ.

ಮೊಮ್ಮಗಳು: ಅದು ಜೀವವನ್ನೂ ತೆಗೆದಿದೆ. 1991ರ ಫೆಬ್ರವರಿ 25, ಕೊಲ್ಲಿ ಯುದ್ಧ, ಸೌದಿಯ ಧಹ್ರಾನ್. ಎದುರಾಳಿಯ ಕ್ಷಿಪಣಿ ತಡೆಯೋ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲನ್ನು ಎಣಿಸ್ತಿತ್ತು. ಅದನ್ನು ಸೆಕೆಂಡಿಗೆ ತರೋಕೆ 0.1ರಿಂದ ಗುಣಿಸಬೇಕು, ಆ 0.1ಕ್ಕೆ ಇದ್ದದ್ದು 24 ಬಿಟ್ ಜಾಗ. ನೂರು ಗಂಟೆ ನಿಲ್ಲಿಸದೆ ಓಡಿಸಿದ್ದರಿಂದ ಸುಮಾರು 0.34 ಸೆಕೆಂಡು ವ್ಯತ್ಯಾಸ ಬಂತು. ಎದುರಿನ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗ್ತದೆ. ಯಂತ್ರ ಅದನ್ನು ತಪ್ಪು ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು.

(ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.)

ಮೊಮ್ಮಗಳು: ಆದರೂ ಒಂದು ಮಾತು. ಅಂದಾಜಿನ ಸಂಖ್ಯೆ ಇಲ್ಲದೆ ವಿಜ್ಞಾನ ನಡೆಯೋದಿಲ್ಲ. ಉಪಗ್ರಹದ ದಾರಿ, ಮಳೆಯ ಮುನ್ಸೂಚನೆ ಎಲ್ಲಾ ಅದರಲ್ಲೇ. ನೆಲವೂ ಹಾಗೇ ಅಲ್ವಾ? ಮಾಲೂರಿನ ಗೂಡಲ್ಲಿ ಇಟ್ಟಿಗೆ ಎಣಿಸಬಹುದು, ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಎಣಿಸಬಹುದು. ನೆಲದಲ್ಲಿ ಎಣಿಸೋಕೆ ಏನಿದೆ? ಗುಂಟೆ, ಗುಂಟೆಯ ಹದಿನಾರನೇ ಒಂದು ಪಾಲಾದ ಆಣೆ, ಎಲ್ಲಾ ನಾವು ಮೇಲಿಂದ ಹಾಕಿದ ಗೆರೆಗಳು.

ತಾತ: ನಿಜ. ಸರಪಳಿ ಹಿಡಿದು ಅಳೆದವನಿಗೆ ಅದು ನಿನಗಿಂತ ಚೆನ್ನಾಗಿ ಗೊತ್ತು. ಬಿಸಿಲಲ್ಲಿ ಒಂದು ಅಳತೆ, ಮರುದಿನ ಇನ್ನೊಂದು. ಅಳೆಯೋವಾಗ ಅಂದಾಜು ಇರಲಿ, ಬೇಡ ಅನ್ನಲಿಲ್ಲ. ಆದರೆ ಅಳೆಯೋದು ಬೇರೆ, ಹಂಚೋದು ಬೇರೆ. ಅಳತೆ ಮುಗಿದು ಪಹಣಿಗೆ ಹತ್ತಿದ ಮೇಲೆ ಅದು ನೆಲದ ಸಂಗತಿ ಅಲ್ಲ, ಜನ ಒಬ್ಬರಿಗೊಬ್ಬರು ಕೊಟ್ಟ ಮಾತು. ಮಾತಿನಲ್ಲಿ ಅಂದಾಜು ಬರಬಾರದು. ಅದಕ್ಕೇ ನನ್ನ ಅಪ್ಪ ಆಣೆಗಿಂತ ಕೆಳಗೆ ಇಳೀತಾ ಇರಲಿಲ್ಲ. ಎಲ್ಲವನ್ನೂ ಆಣೆಗೆ ತಂದು, ಎಣಿಸಿ, ಉಳಿದದ್ದನ್ನು ಎಲ್ಲರೆದುರು ಓದಿ ಹೇಳೋರು. ನಿನ್ನ ಯಂತ್ರಕ್ಕೆ ಪೂರ್ಣಾಂಕ ಬರ್ತದಾ?

ಮೊಮ್ಮಗಳು: ಬರ್ತದೆ. ಪೈಥಾನ್‌ನಲ್ಲಿ ಎಷ್ಟು ದೊಡ್ಡದಾದರೂ ಸರಿಯೇ. ದುಡ್ಡನ್ನು ಪೈಸೆಯಲ್ಲಿ ಎಣಿಸಿಡಿ ಅಂತ ನಮಗೂ ಹೇಳಿಕೊಡ್ತಾರೆ. ನಾನು ನೆಲಕ್ಕೆ ಅದನ್ನು ಯೋಚಿಸಿರಲಿಲ್ಲ. ಎಕರೆಗೆ 640 ಆಣೆ. 170 ಗುಂಟೆ, ಹದಿನಾರರಿಂದ ಗುಣಿಸಿದರೆ 2,720 ಆಣೆ. ಮೂರು ಪಾಲು. ತಲಾ 906. ಅಂದ್ರೆ ಒಂದು ಎಕರೆ, ಹದಿನಾರು ಗುಂಟೆ, ಹತ್ತಾಣೆ.

ತಾತ: ಶೇಷ?

ಮೊಮ್ಮಗಳು: ಎರಡಾಣೆ.

ತಾತ: ಗುಂಟೆಗೆ 1,089 ಚದರಡಿ. ಎರಡಾಣೆ ಅಂದ್ರೆ 136 ಚದರಡಿ. ಪಂಪಿನ ಮನೆ ಕಟ್ಟಿಸುವಷ್ಟು ಜಾಗ. ಅದನ್ನು ನಿನ್ನ ಹಳೇ ಲೆಕ್ಕ ಏನು ಮಾಡ್ತಿತ್ತು?

ಮೊಮ್ಮಗಳು: ಮೂವರಿಗೂ ಬಿಂದುವಿನ ಮುಂದೆ 666 ಅಂತ ಉದ್ದಕ್ಕೆ ಬರೆದು, ಕೊನೆಗೆ 667 ಮಾಡಿ ಮುಗಿಸ್ತಿತ್ತು. ಈಗ ಶೇಷಕ್ಕೇ ಒಂದು ಸಾಲು ಮಾಡಿದ್ದೀನಿ. ಇಲ್ಲಿ ಹೆಸರು ಕೇಳ್ತಿದೆ, ತಾತ. ಅಪ್ಪನದಾ, ಚಿಕ್ಕಪ್ಪನದಾ, ಅತ್ತೆಯದಾ?

ತಾತ: ಖಾಲಿ ಬಿಡು. ಅತ್ತೆಗೆ ಫೋನ್ ಮಾಡು, ಮುಳಬಾಗಿಲಿಂದ ಎಷ್ಟು ಹೊತ್ತಿಗೆ ಹೊರಡ್ತಾಳೆ ಕೇಳು. ಮೂವರೂ ಕೊಳವೆಬಾವಿ ಹತ್ತಿರ ನಿಂತ ಮೇಲೆ ಬರೆಯೋಣ.