ನಂದಿದ ಭಕ್ತಿಯೂ ಮೊದಲಿನ ಕೆಲಸವೂ

ಭಕ್ತಿ ತಣ್ಣಗಾಗುವುದು ಹೇಗೆ? ಈ ಪ್ರಶ್ನೆ ಕ್ರೈಸ್ತರದು ಮಾತ್ರವಲ್ಲ. ಮಠದ ಅಂಗಳದಲ್ಲಿ, ಬಸದಿಯ ಜಗಲಿಯಲ್ಲಿ ಕುಳಿತ ಹಿರಿಯರು ‘ಮೊದಲಿನಂತಿಲ್ಲ’ ಎಂದು ನಿಟ್ಟುಸಿರಿಡುವುದನ್ನು ಕೊಲ್ಹಾಪುರ ಸೀಮೆಯ ನಾವೆಲ್ಲರೂ ಕೇಳಿದ್ದೇವೆ. ನಾನು ಕ್ರೈಸ್ತ ಸಭೆಯೊಂದರ ಸದಸ್ಯ. ಆದ್ದರಿಂದ ನನಗೆ ತಿಳಿದ ಮನೆಯ ಮಾತನ್ನೇ ಇಲ್ಲಿ ಹೇಳುತ್ತೇನೆ. ಉಳಿದ ಓದುಗ ಬಂಧುಗಳು ಅದನ್ನು ತಮ್ಮ ತಮ್ಮ ಮನೆಗೆ ಹೊಂದಿಸಿಕೊಂಡು ಓದಬಹುದು.

ಕಾರಣ ಕೇಳಿದರೆ ಉತ್ತರಗಳು ಸಿದ್ಧವಾಗಿವೆ. ಯುವಕರು ಪುಣೆ, ಬೆಂಗಳೂರು ಸೇರಿದರು, ಸಂಜೆಯ ಪ್ರಾರ್ಥನೆಯ ಹೊತ್ತನ್ನು ಮೊಬೈಲು ನುಂಗಿತು, ಬೋಧನೆಯಲ್ಲಿ ಸತ್ವವಿಲ್ಲ. ಮದ್ದೂ ಸಿದ್ಧವೇ: ಮೂರು ದಿನಗಳ ಉಜ್ಜೀವನ ಕೂಟ, ಹೊರಗಿನಿಂದ ಬಂದ ಪ್ರಸಿದ್ಧ ಬೋಧಕರು, ಪೆಂಡಾಲು, ಧ್ವನಿವರ್ಧಕ. ಇಂಥ ಕೂಟಗಳನ್ನು ನಾನು ಹಳಿಯಲಾರೆ. ಅಲ್ಲಿ ಕಣ್ಣೀರಿಟ್ಟವರಲ್ಲಿ ನಾನೂ ಒಬ್ಬ. ಆದರೆ ನಾಲ್ಕನೆಯ ದಿನ ಪೆಂಡಾಲಿನ ಕಂಬ ಕಿತ್ತ ಮೇಲೆ ಉಳಿಯುವುದು ಎಷ್ಟು ಎಂಬುದನ್ನೂ ಕಂಡಿದ್ದೇನೆ.

ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಏಳು ಸಭೆಗಳಿಗೆ ಬರೆದ ಏಳು ಪತ್ರಗಳಿವೆ. ಮೊದಲನೆಯದು ಎಫೆಸದ ಸಭೆಗೆ. ಆ ಸಭೆಯಲ್ಲಿ ದುಡಿಮೆಯಿತ್ತು, ತಾಳ್ಮೆಯಿತ್ತು, ಸುಳ್ಳು ಬೋಧಕರನ್ನು ಗುರುತಿಸುವ ವಿವೇಕವೂ ಇತ್ತು. ಆದರೂ ಅದು ತನ್ನ ಮೊದಲಿನ ಪ್ರೀತಿಯನ್ನು ಕೈಬಿಟ್ಟಿತ್ತು ಎಂಬುದೇ ಅದರ ಮೇಲಿನ ದೂರು. ಪರಿಹಾರವಾಗಿ ಹೇಳಿದ್ದು ಮೂರು: ಬಿದ್ದ ಎತ್ತರವನ್ನು ನೆನೆಯುವುದು, ಮನಸ್ಸು ತಿರುಗಿಸಿಕೊಳ್ಳುವುದು, ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮತ್ತೆ ಮಾಡುವುದು. ಈ ಮೂರನೆಯದರ ಮುಂದೆ ನಾನು ಬಹಳ ಕಾಲ ತಡೆದು ನಿಂತಿದ್ದೇನೆ. ಪ್ರೀತಿ ಹೋಯಿತೆಂದು ದೂರಿದ ಪತ್ರ ಪ್ರೀತಿಯನ್ನೇ ಕೇಳಬೇಕಿತ್ತು, ಕೆಲಸವನ್ನು ಕೇಳುವುದೇಕೆ?

ಒಂದು ಉತ್ತರ ಸುಲಭ. ಭಾವನೆಗೆ ಅಪ್ಪಣೆ ಕೊಡಲಾಗದು, ಕೈಕಾಲಿಗೆ ಕೊಡಬಹುದು. ಆದರೆ ಎಫೆಸದವರು ಮೊದಲೇ ದುಡಿಯುತ್ತಿದ್ದವರಲ್ಲವೇ? ಹಾಗಿದ್ದರೆ ಬಿಟ್ಟುಹೋದ ಕೆಲಸ ಯಾವುದು? ನನಗೆ ತೋಚುವುದಿಷ್ಟು: ಸಭೆಯನ್ನು ಕಾಪಾಡುವ ದುಡಿಮೆ ಬೇರೆ, ಸಭೆಯಲ್ಲಿರುವ ಮನುಷ್ಯನನ್ನು ಕಾಪಾಡುವ ಕೆಲಸ ಬೇರೆ. ಮೊದಲನೆಯದು ಹೆಚ್ಚುತ್ತ ಹೋದಂತೆ ಎರಡನೆಯದು ಸದ್ದಿಲ್ಲದೆ ನಿಲ್ಲಬಹುದು. ನಿಂತದ್ದು ಯಾರಿಗೂ ಗೊತ್ತಾಗದಿರಬಹುದು. ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಬಲ್ಲ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ದೂರದ ಎಫೆಸವೇ ಬೇಕೆಂದಿಲ್ಲ. ಪಂಡಿತಾ ರಮಾಬಾಯಿಯವರು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಮಹಾರಾಷ್ಟ್ರದಲ್ಲಿ ಬಾಳಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಸುಮಾರು ಎಂಟು ವರ್ಷಗಳ ಬಳಿಕ ತಮಗೆ ಕ್ರೈಸ್ತಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ ಎಂಬ ಅರಿವು ತಮಗಾಯಿತೆಂದು ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಅಂಥ ವಿದುಷಿ ತನ್ನೊಳಗಿನ ಬರಡನ್ನು ಹೀಗೆ ಬಯಲಿಗಿಟ್ಟದ್ದು ಸಣ್ಣ ಮಾತಲ್ಲ. ಮುಂದೆ 1896–97ರ ಬರಗಾಲದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ, ಹಸಿದು ಬೀದಿಗೆ ಬಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. ಅಲ್ಲಿ ಮಗ್ಗಗಳು ನಡೆದವು, ಗಾಣ ತಿರುಗಿತು, ಮುದ್ರಣಾಲಯ ಬಂತು. 1905ರ ಜೂನ್ ತಿಂಗಳಲ್ಲಿ ಅದೇ ಸದನದಲ್ಲಿ ದೊಡ್ಡ ಉಜ್ಜೀವನವಾಯಿತು. ಹುಡುಗಿಯರು ಅಳುತ್ತ, ಒಟ್ಟಿಗೇ ದನಿಯೆತ್ತಿ ಪ್ರಾರ್ಥಿಸಿದ ಸುದ್ದಿ ದೇಶ ದಾಟಿ ಹೋಯಿತು. ಉಜ್ಜೀವನದ ಮಾತು ಬಂದಾಗಲೆಲ್ಲ ನಮ್ಮ ಬೋಧಕರು 1905ನ್ನು ನೆನೆಯುತ್ತಾರೆ, 1897ನ್ನು ನೆನೆಯುವುದಿಲ್ಲ. ಬೆಂಕಿ ಇಳಿದು ಬಂದದ್ದು ಖಾಲಿ ಮನೆಗಲ್ಲ, ಎಷ್ಟೋ ವರ್ಷಗಳಿಂದ ಅನಾಥರಿಗೆ ಅನ್ನ ಬೇಯುತ್ತಿದ್ದ ಮನೆಗೆ.

ಕೊಲ್ಹಾಪುರದ ಸಭೆಗಳ ಹುಟ್ಟಿನ ಕಥೆಯಲ್ಲೂ ಇಂಥದೊಂದು ಎಳೆಯಿದೆ. ಅಮೆರಿಕದ ರಾಯಲ್ ವೈಲ್ಡರ್ 1852ರಲ್ಲಿ ಇಲ್ಲಿಗೆ ಬಂದರು. ಶಾಲೆಗಳ ವಿಷಯದಲ್ಲಿ ಅವರನ್ನು ಕಳುಹಿಸಿದ ಮಂಡಳಿಗೂ ಅವರಿಗೂ ಒಮ್ಮತವಾಗಲಿಲ್ಲ, ಸಂಬಂಧ ಕಡಿಯಿತು. 1861ರಲ್ಲಿ ಆ ಮಂಡಳಿಯ ಆಸರೆಯಿಲ್ಲದೆಯೇ ಅವರು ಕೊಲ್ಹಾಪುರಕ್ಕೆ ಮರಳಿದರು. 1870ರಲ್ಲಿ ಪ್ರೆಸ್ಬಿಟೇರಿಯನ್ ಮಿಷನ್ ಈ ಕ್ಷೇತ್ರವನ್ನು ವಹಿಸಿಕೊಂಡಿತು. ಆಮೇಲೆ ಮಿರಜದಲ್ಲಿ ಡಾ. ವಾನ್ಲೆಸ್ ಅವರ ಆಸ್ಪತ್ರೆ ಎದ್ದಿತು. ಬೆಳಗಾವಿ, ವಿಜಯಪುರಗಳ ಎಷ್ಟು ಕನ್ನಡ ಕುಟುಂಬಗಳು ಆ ಬಾಗಿಲಲ್ಲಿ ಚಾಪೆ ಹಾಸಿ ಕಾದಿವೆಯೋ! ಇವೆಲ್ಲ ಮೊದಲಿನ ಕೆಲಸಗಳೇ. ಆದರೆ ಮಾಡಿದವರು ಬಹುಪಾಲು ಬೇರೆಯವರು, ನಾವು ಪಡೆದವರು. ಅವರು ಹೋದ ಮೇಲೆ ನಮ್ಮ ಪಾಲಿಗೆ ಕಟ್ಟಡ ಬಂತು, ಜಾಗ ಬಂತು, ಕಾಗದಪತ್ರ ಬಂತು. ಬೇರೆಯವರ ಒಲೆಯಿಂದ ಕೆಂಡ ತಂದವರು ತಮ್ಮ ಒಲೆಗೆ ಸೌದೆ ಒಟ್ಟಬೇಕೆಂಬುದನ್ನು ಮರೆತೆವೇನೋ.

ಈಗ ನನ್ನ ತಪ್ಪಿನ ಮಾತು. ನಾನು ನಮ್ಮ ಸಭೆಯ ಕಾರ್ಯದರ್ಶಿಯಾಗಿದ್ದ ವರ್ಷಗಳಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬ ಹಿರಿಯರು ಕೂಡುತ್ತಿದ್ದರು. ಇಚಲಕರಂಜಿಯ ಮಗ್ಗಗಳಲ್ಲಿ ಬಾಳು ಸವೆಸಿದವರು. ಬೆಳಗಾವಿ ಕಡೆಯ ಕನ್ನಡಿಗರು. ನಮ್ಮ ಆರಾಧನೆ ಮರಾಠಿಯಲ್ಲಿ. ಒಂದು ದಿನ ಅವರು ನನ್ನ ಬಳಿ ಬಂದು, “ಮಾಸ್ತರ, ತಿಂಗಳಿಗೊಮ್ಮೆಯಾದ್ರೂ ನಮ್ಮ ಕನ್ನಡದ ಹಾಡೊಂದು ಹಾಡಸ್ರಿ” ಎಂದರು. ಸಮಿತಿಯ ಮುಂದಿಡುತ್ತೇನೆ ಎಂದೆ. ಆ ವರ್ಷ ಸಮಿತಿ ಹನ್ನೊಂದು ಸಲ ಸೇರಿತು. ಕಾಂಪೌಂಡ್ ಗೋಡೆ, ಜನರೇಟರ್, ಜಾಗದ ಉತಾರೆ, ಇವುಗಳ ಮೇಲೆ ತಾಸುಗಟ್ಟಲೆ ಚರ್ಚೆಯಾಯಿತು. ಹಾಡಿನ ವಿಷಯ ಒಮ್ಮೆಯೂ ಬರಲಿಲ್ಲ. ತರಬೇಕಾದವನು ನಾನು, ನಾನು ಕನ್ನಡಿಗ.

ಅವರು ಬರುವುದು ನಿಂತಿತು. ಐದು ತಿಂಗಳು ನನ್ನ ಗಮನಕ್ಕೇ ಬರಲಿಲ್ಲ. ಗಮನಕ್ಕೆ ಬಂದದ್ದು ಅವರ ಮರಣದ ಸುದ್ದಿಯೊಂದಿಗೆ. ಮನೆಗೆ ಹೋದಾಗ ಅವರ ಹೆಂಡತಿ ಸಿಟ್ಟಾಗಲಿಲ್ಲ. “ಐತವಾರಕ್ಕೊಮ್ಮೆ ಅಂಗಿ ಇಸ್ತ್ರಿ ಮಾಡಿ ಹಾಕ್ಕೊಂಡು ಕೂಡ್ತಿದ್ರು ರೀ, ಕಾಲು ಏಳ್ತಿರಲಿಲ್ಲ” ಎಂದಷ್ಟೇ ಹೇಳಿದರು. ಹಿಂದೊಮ್ಮೆ ಆ ಹಿರಿಯರೇ ನನಗೆ ಮಗ್ಗದ ವಿಷಯ ತಿಳಿಸಿದ್ದರು: ಹಾಸಿನ ಒಂದೆಳೆ ಕಡಿದರೆ ಹಳೆಯ ಮಗ್ಗ ನಿಲ್ಲುವುದಿಲ್ಲ, ನೇಯುತ್ತಲೇ ಹೋಗುತ್ತದೆ, ಕಣ್ಣಿಟ್ಟು ನೋಡಿ ಗಂಟು ಹಾಕದಿದ್ದರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ನಮ್ಮ ಆರಾಧನೆ ಐದು ತಿಂಗಳು ಹಾಗೆಯೇ ನಡೆದಿತ್ತು, ಒಂದು ವಾರವೂ ತಪ್ಪದೆ.

2019ರ ಆಗಸ್ಟಿನಲ್ಲಿ ಪಂಚಗಂಗೆ ಊರುಗಳೊಳಗೆ ನುಗ್ಗಿದಾಗ ನಮ್ಮ ಸಭಾಭವನದ ಬೀಗ ತೆಗೆದೆವು. ಅದು ನಿರ್ಣಯ ಮಾಡಿ ತೆಗೆದದ್ದಲ್ಲ. ನೀರು ಸಮಿತಿಗಾಗಿ ಕಾಯಲಿಲ್ಲ. ನಮ್ಮ ಹೆಣ್ಣುಮಕ್ಕಳು ರಾತ್ರಿಯೆಲ್ಲ ಭಕ್ಕರಿ ತಟ್ಟಿದರು. ಜಾಗದ ವಿಷಯದಲ್ಲಿ ಒಬ್ಬರ ಮುಖ ಒಬ್ಬರು ನೋಡದಿದ್ದ ಇಬ್ಬರು ಹಿರಿಯರು ಒಂದೇ ಚೀಲದ ಎರಡು ತುದಿ ಹಿಡಿದು ಅಕ್ಕಿ ಹೊತ್ತರು. ನೀರಿಳಿದ ಮೇಲಿನ ಭಾನುವಾರದ ಪ್ರಾರ್ಥನೆ ನನಗೆ ಇಂದಿಗೂ ನೆನಪಿದೆ. ಅದುವರೆಗೆ ನಾವು ‘ರೋಗಿಗಳಿಗಾಗಿ, ದರಿದ್ರರಿಗಾಗಿ’ ಎಂದು ಬೇಡುತ್ತಿದ್ದೆವು. ಅಂದು ಬೇಡುವವರ ಬಾಯಲ್ಲಿ ಹೆಸರುಗಳಿದ್ದವು.

ಇದನ್ನು ಹೇಳಿದಾಗ ನನ್ನ ಮಗಳು ಕೇಳಿದಳು: “ಅಪ್ಪಾ, ಹಾಗಾದರೆ ಒಂದು ಸೇವಾ ಸಂಘ ಸಾಕಲ್ಲ, ದೇವರು ಯಾಕೆ?” ನ್ಯಾಯವಾದ ಪ್ರಶ್ನೆ. ಸೇವೆಯೇ ಭಕ್ತಿಯೆಂದು ನಾನು ಹೇಳಲಾರೆ. ಪ್ರವಾಹದ ವಾರದಲ್ಲಿ ಅಕ್ಕಿ ಹೊರುವುದು ಸುಲಭ. ಆರು ತಿಂಗಳ ಮೇಲೆ, ಯಾರೂ ನೋಡದಿರುವಾಗ, ಸಿಡುಕು ಸ್ವಭಾವದ ಒಬ್ಬ ಮುದುಕನ ಮನೆಗೆ ಮತ್ತೆ ಹೋಗುವುದು ಕಷ್ಟ. ಅಲ್ಲಿ ನನ್ನ ಒಳ್ಳೆಯತನ ಮುಗಿದುಹೋಗುತ್ತದೆ. ಆಗ ಮೊಣಕಾಲೂರಬೇಕಾಗುತ್ತದೆ. ಪ್ರಭುವಿನ ಭೋಜನದ ಮೇಜಿಗೆ ನನ್ನೊಡನೆ ಜಗಳವಾಡಿದವನನ್ನೂ ಕರೆಯಲಾಗಿದೆ, ನಾನು ಆರಿಸಿ ಕರೆದದ್ದಲ್ಲ. ಸಂಘದ ಸದಸ್ಯತ್ವಕ್ಕೂ ಇದಕ್ಕೂ ಇರುವ ಅಂತರ ನನಗೆ ಕಂಡಮಟ್ಟಿಗೆ ಅಲ್ಲಿದೆ. ಮಗಳು ಒಪ್ಪಿದಳೆಂದು ಹೇಳಲಾರೆ.

ಈಗ ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಒಂದು ಕನ್ನಡ ಕೀರ್ತನೆ ಹಾಡುತ್ತೇವೆ. ಎರಡನೆಯ ಭಾನುವಾರ ಇಬ್ಬಿಬ್ಬರು ಹಾಜರಿ ಪುಸ್ತಕ ಹಿಡಿದು ಬಾರದವರ ಮನೆಗೆ ಹೋಗುತ್ತೇವೆ. ಸಭೆಗೆ ಬರುವವರ ಸಂಖ್ಯೆ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ. ಹೋದ ತಿಂಗಳು ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ ಮಗನ ಮನೆ ಸೇರಿರುವ ಅಜ್ಜಿಯೊಬ್ಬರನ್ನು ಕಾಣಲು ಹೋಗಿದ್ದೆವು. ಅವರು ಮಂಚದ ಮೇಲೆ ಕುಳಿತೇ ಒಂದು ಕೀರ್ತನೆಯನ್ನು ಪೂರ್ತಿ ಹಾಡಿದರು. ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಅದನ್ನು ದೇವನಾಗರಿಯಲ್ಲಿ ಬರೆದುಕೊಂಡ. ಮುಂದಿನ ಸಲ ಬರುವಾಗ ಒಂದು ಪಾಟಿ ತಂದು ಅವನಿಗೆ ಕನ್ನಡ ಅಕ್ಷರ ಕಲಿಸಬೇಕೆಂದು ಅಜ್ಜಿ ನನಗೆ ಹೇಳಿಟ್ಟಿದ್ದಾರೆ.