ಏನು ಇಲ್ಲ, ಎಲ್ಲಿ ಇಲ್ಲ

ಬೆಂಗಳೂರಿನ ಸಂಜಯನಗರದ ಪಿನ್‌ಕೋಡ್ 560094. ವಿಳಾಸ ಬರೆಯುವಾಗ ನಡುವೆ ಜಾಗ ಬಿಟ್ಟು 560 094 ಎನ್ನುವ ರೂಢಿಯೂ ಉಂಟು. ಹಾಗೆ ಬರೆದದ್ದನ್ನು ಸಂಖ್ಯೆ ಮಾಡಿಕೊಡೆಂದು ಸಿ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಎ-ಟು-ಐ ಫಂಕ್ಷನ್ನಿಗೆ ಒಪ್ಪಿಸಿದರೆ, ಅದು ಆ ಖಾಲಿ ಜಾಗದ ಬಳಿ ನಿಂತು 560 ಎಂದುಬಿಡುತ್ತದೆ. ಕನ್ನಡದ ಅಂಕಿಗಳಲ್ಲಿ ೫೬೦೦೯೪ ಎಂದು ಕೊಟ್ಟರೆ ಉತ್ತರ 0. ಎರಡು ಸಲವೂ ಎಡವಿದೆನೆಂಬ ಮಾತಿಲ್ಲ. ನಿಜಕ್ಕೂ 0 ಬರೆದವರಿಗೂ ‘ಗೊತ್ತಿಲ್ಲ’ ಎಂದು ಬರೆದವರಿಗೂ ಸಿಗುವುದು ಅದೇ ಸೊನ್ನೆ. ಸೊನ್ನೆ ಎಂದರೂ ‘ಇಲ್ಲ’ ಎಂದೇ ಅರ್ಥವಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಕ್ರಿ.ಶ. 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ, ಕಳೆಯುವ ನಿಯಮಗಳನ್ನು ಕೊಟ್ಟಿದ್ದ. ಅದು ಎಣಿಸಿ ತಿಳಿದ ಸಂಖ್ಯೆ. ಓದಲಾಗಲಿಲ್ಲ ಎಂಬುದು ತಿಳಿಯದೆ ಉಳಿದ ಸ್ಥಿತಿ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಸುಳ್ಳು.

ಹಾಗಾದರೆ ‘ಇಲ್ಲ’ ಎನ್ನುವುದನ್ನು ಸತ್ಯವಾಗಿ ಹೇಳುವುದು ಹೇಗೆ? ಭಾರತೀಯ ದಾರ್ಶನಿಕರಲ್ಲಿ ನ್ಯಾಯ-ವೈಶೇಷಿಕರು ಇದನ್ನು ಬಹಳ ಕಟ್ಟುನಿಟ್ಟಾಗಿ ವಿಚಾರಿಸಿದವರು. ಅಭಾವವನ್ನು ಅವರು ಏಳನೆಯ ಪದಾರ್ಥವಾಗಿ ಎಣಿಸಿದರು. ಆದರೆ ಬರಿಯ ಅಭಾವವನ್ನು ಒಪ್ಪಲಿಲ್ಲ. ನೆಲದ ಮೇಲೆ ಮಡಕೆ ಇಲ್ಲ ಎಂದಾಗ ಮಡಕೆ ಅದರ ಪ್ರತಿಯೋಗಿ, ನೆಲ ಅದರ ಅಧಿಕರಣ. ಏನು ಇಲ್ಲ, ಎಲ್ಲಿ ಇಲ್ಲ ಎಂಬೆರಡೂ ತಿಳಿದಾಗಲೇ ಅದು ಜ್ಞಾನ. ಪ್ರಾಭಾಕರ ಮೀಮಾಂಸಕರು ಅಭಾವವೆಂಬ ಬೇರೆ ವಸ್ತುವೇ ಇಲ್ಲ, ಇರುವುದು ಬರಿನೆಲವಷ್ಟೇ ಎಂದು ವಾದಿಸಿದರು, ನಿಜ. ಅವರ ಮಾತನ್ನೇ ಹಿಡಿದರೂ ಯಾವ ನೆಲವೆಂದು ತೋರಿಸಲೇಬೇಕು. 1989ರ ಆನ್ಸಿ ಸಿ ಮಾನಕದಲ್ಲಿರುವ ಸ್ಟ್ರ್‌ಟೋಲ್ ಎಂಬ ಫಂಕ್ಷನ್ ಅದನ್ನೇ ತೋರಿಸುತ್ತದೆ: ಓದು ನಿಂತ ಜಾಗಕ್ಕೆ ಒಂದು ಪಾಯಿಂಟರ್ ಕೊಡುತ್ತದೆ, ಸಂಖ್ಯೆ ಮಿತಿ ಮೀರಿದರೆ ಎರ್‌ನೋ ಎಂಬ ದೋಷಸೂಚಕದಲ್ಲಿ ಗುರುತು ಹಾಕುತ್ತದೆ. ಪಾಯಿಂಟರ್ ಮೊದಲ ಅಕ್ಷರದಲ್ಲೇ ಉಳಿದಿದ್ದರೆ ಅಂಕಿಯೇ ಸಿಕ್ಕಿಲ್ಲ. ನಡುವೆ ನಿಂತಿದ್ದರೆ ಅಲ್ಲೇನೋ ಅಡ್ಡ ಬಂದಿದೆ. ‘560 094: ನಾಲ್ಕನೆಯದು ಖಾಲಿ ಜಾಗ, ಆರು ಅಂಕಿಗಳನ್ನೂ ಒಟ್ಟಿಗೆ ಬರೆಯಿರಿ’ ಎನ್ನಲು ಇಷ್ಟು ಸಾಕು.

ಬಳಸುವವರಿಗೆ ಇಷ್ಟೆಲ್ಲ ಏಕೆ, ‘ತಪ್ಪು ಇನ್‌ಪುಟ್’ ಎಂದರಾಗದೇ ಎಂಬ ಆಕ್ಷೇಪ ಸಾಮಾನ್ಯ. ಆದರೆ ೫೬೦೦೯೪ ಎಂದು ಬರೆದವರು ಮಾಡಿದ ತಪ್ಪಾದರೂ ಏನು? ಅವರು ಸರಿಯಾದ ಪಿನ್‌ಕೋಡನ್ನು ತಮ್ಮ ಲಿಪಿಯಲ್ಲೇ ಬರೆದಿದ್ದಾರೆ. ಓದಲಾರದೆ ಹೋದದ್ದು ಯಂತ್ರ. ತನ್ನ ಕೊರತೆಯನ್ನು ಎದುರಿನವರ ತಲೆಗೆ ಕಟ್ಟುವ ಸಂದೇಶ ಎಷ್ಟು ಚಿಕ್ಕದಾಗಿದ್ದರೂ ಅನ್ಯಾಯದ್ದೇ. ಪ್ರೋಗ್ರಾಮ್ ಬರೆಯುವವರು ಅಲ್ಲಿ ‘ಈ ಪ್ರೋಗ್ರಾಮ್ ಕನ್ನಡ ಅಂಕಿಗಳನ್ನು ಓದಲಾರದು’ ಎಂದು, ಕನ್ನಡದಲ್ಲೇ, ಒಂದು ಸಾಲು ಬರೆಯಲಿ.